ಅರುವತ್ತನಾಲ್ಕು ಮನೆಗಳ ಕಾಳು

ದೊಡ್ಡ ಸಂಖ್ಯೆಗಳ ವಿಷಯದಲ್ಲಿ ಗೃಹಸ್ಥರಾದ ನಾವು ನಡೆದುಕೊಳ್ಳುವ ರೀತಿ ವಿಚಿತ್ರವಾದುದು. ಹಾಲಿನವಳ ಲೆಕ್ಕ, ಅಂಗಡಿಯ ಬಾಕಿ, ಕೂಲಿಯ ಬಟವಾಡೆ ಇವುಗಳಲ್ಲಿ ಒಂದು ರೂಪಾಯಿ ಹೆಚ್ಚುಕಡಮೆಯಾದರೂ ಅದು ನಮ್ಮ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಆದರೆ ಲೆಕ್ಕವು ಕೋಟಿಯನ್ನು ದಾಟಿತೆಂದರೆ ಸಾಕು, ಕೈಮುಗಿದು ಹೊಸ್ತಿಲಿನ ಹೊರಗೇ ನಿಂತುಬಿಡುವೆವು. ‘ಕೋಟಿ ಕೋಟಿ’, ‘ಎಣಿಸಲಾರದಷ್ಟು’ ಎಂದು ಹೇಳಿ ಸುಮ್ಮನಾಗುವೆವೇ ಹೊರತು ಒಳಗೆ ಏನಿದೆಯೆಂದು ಇಣಿಕಿ ನೋಡುವ ಆಸೆ ನಮಗೆ ಹುಟ್ಟುವುದಿಲ್ಲ. ದೊಡ್ಡ ಸಂಖ್ಯೆಯೂ ಚಿಕ್ಕ ಸಂಖ್ಯೆಯ ಹಾಗೆಯೇ ಒಂದು ಸಂಖ್ಯೆ. ಅದಕ್ಕೂ ನಡೆನುಡಿಗಳುಂಟು, ನೆಂಟರಿಷ್ಟರುಂಟು. ಅಂತಹ ಒಂದು ಸಂಖ್ಯೆಯೊಡನೆ ನಮ್ಮ ಮನೆಯಲ್ಲಿ ಕೆಲವು ತಿಂಗಳು ಒಡನಾಟವಾಯಿತು. ಅದರ ಪರಿಚಯವನ್ನು ವಾಚಕರಿಗೆ ಮಾಡಿಕೊಡಬೇಕೆಂಬುದೇ ಈ ಬರೆಹದ ಉದ್ದೇಶ.

ಚದುರಂಗವನ್ನು ಕಂಡುಹಿಡಿದ ಜಾಣನ ಕಥೆಯನ್ನು ಅರಿಯದವರು ವಿರಳ. ಆಟದಿಂದ ಸಂತುಷ್ಟನಾದ ಅರಸನು ಬೇಕಾದ ವರವನ್ನು ಬೇಡೆಂದನು. ಜಾಣನು ಹಾಸಿನ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರುವತ್ತನಾಲ್ಕು ಮನೆಗಳಿಗೂ ಇಮ್ಮಡಿಸುತ್ತ ಹೋಗಿ ಕೊಟ್ಟರೆ ಸಾಕೆಂದನು. ಅರಸನು ಮೊದಲು ನಕ್ಕನು, ಆಮೇಲೆ ಉಗ್ರಾಣ ಬರಿದಾಗಲು ಬೆರಗಾದನು. ಅರಬ್ಬೀ ಗ್ರಂಥಗಳಲ್ಲಿ ಈ ಜಾಣನಿಗೆ ಸಿಸ್ಸನೆಂದು ಹೆಸರು. ಅಲ್ಲಿಯೂ ಅವನು ನಮ್ಮ ದೇಶದವನೇ. ಕೇರಳದ ಅಂಬಲಪುಳದಲ್ಲಿ ಇದೇ ಕಥೆಯನ್ನು ಬೇರೆ ಬಗೆಯಾಗಿ ಹೇಳುವರು: ಋಷಿಯ ವೇಷದಲ್ಲಿ ಬಂದು ಅರಸನನ್ನು ಆಟದಲ್ಲಿ ಸೋಲಿಸಿದವನು ಸಾಕ್ಷಾತ್ ಶ್ರೀಕೃಷ್ಣನೆಂದೂ, ತೀರಿಸಲಾಗದ ಅಕ್ಕಿಯ ಸಾಲಕ್ಕೆ ಪ್ರತಿಯಾಗಿ ಅಲ್ಲಿಯ ದೇವಸ್ಥಾನದಲ್ಲಿ ನಿತ್ಯವೂ ಪಾಯಸವನ್ನು ಹಂಚುವರೆಂದೂ ಪ್ರತೀತಿ. ಕಥೆ ಎಲ್ಲಿ ಹೇಗೆಯೇ ನಡೆಯಲಿ, ಅರಸನು ಸೋತಲ್ಲಿಗೆ ಅದು ಮುಗಿಯುವುದು. ನಮಗೆ ಬೇಕಾದ ವಿಷಯವು ಅಲ್ಲಿಂದ ಮುಂದೆ ಆರಂಭವಾಗುವುದು.

ಅರುವತ್ತನಾಲ್ಕು ಮನೆಗಳ ಕಾಳುಗಳ ಒಟ್ಟು ಮೊತ್ತವಿದು: ೧,೮೪,೪೬,೭೪,೪೦,೭೩,೭೦,೯೫,೫೧,೬೧೫. ಸುಮಾರು ಕ್ರಿ. ಶ. ೧೦೦೦ದಲ್ಲಿ ಆಲ್ಬೆರೂನಿಯು ತನ್ನ ಗ್ರಂಥವೊಂದರಲ್ಲಿ ಇದನ್ನು ಒಂದಂಕಿಯೂ ತಪ್ಪದಂತೆ ಬರೆದಿಟ್ಟಿದ್ದಾನೆ. ಇದರಲ್ಲಿ ಇಪ್ಪತ್ತು ಸ್ಥಾನಗಳಿವೆ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಕನ್ನಡನಾಡಿನಲ್ಲಿ ಬಾಳಿದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತ ಎಂದು ಮೊದಲುಮಾಡಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿರುವನು. ಆ ಪಟ್ಟಿಯಲ್ಲಿ ಇಪ್ಪತ್ತನೆಯದು ಮಹಾಶಂಖ. ಆದುದರಿಂದ ನಮ್ಮ ಸಂಖ್ಯೆಯನ್ನು ‘ಒಂದು ಮಹಾಶಂಖಕ್ಕೆ ಮಿಕ್ಕಿದ್ದು’ ಎಂದು ಕರೆಯಬಹುದು. ಹೆಸರಿಲ್ಲದುದನ್ನು ಕಂಡು ಹೆದರುವುದುಂಟು. ಇದಕ್ಕೆ ಹೆಸರು ಸಾವಿರ ವರ್ಷಗಳ ಹಿಂದೆಯೇ ಸಿದ್ಧವಾಗಿದ್ದಿತು.

ಅದರ ಗಾತ್ರವನ್ನು ಮನಸ್ಸಿಗೆ ತಂದುಕೊಳ್ಳುವುದಕ್ಕೆ ಅಡಿಗೆಮನೆಯ ಅಕ್ಕಿಯೇ ಸಾಕು. ಒಂದು ಗ್ರಾಮಿಗೆ ೪೦ ಕಾಳೆಂದು ಇಟ್ಟುಕೊಳ್ಳೋಣ. ಹಾಸಿನ ಮೊದಲ ಸಾಲಿನ ಎಂಟು ಮನೆಗಳ ಕಾಳು ೨೫೫; ಆರು ಗ್ರಾಮಿಗೆ ಸ್ವಲ್ಪ ಹೆಚ್ಚು, ಎಂದರೆ ಒಂದು ಚಿಟಿಕೆಗೆ ಸ್ವಲ್ಪ ಮೇಲು. ಎರಡು ಸಾಲು ಸೇರಿದರೆ ಒಂದೂವರೆ ಕಿಲೋವಿಗೆ ಸ್ವಲ್ಪ ಮಿಕ್ಕುವುದು. ಅರ್ಧ ಹಾಸು ತುಂಬುವ ವೇಳೆಗೆ ನೂರು ಕಿಲೋಗ್ರಾಮಿನ ಸುಮಾರು ೧,೦೭೦ ಚೀಲಗಳಾಗುವುವು. ಇಷ್ಟನ್ನು ಕೊಡಬಲ್ಲ ಅರಸನೇ ಏಕೆ, ಅನುಕೂಲಸ್ಥನಾದ ಮಂಡಿಯ ಸಾಹುಕಾರನೂ ಕೊಡಬಲ್ಲನು. ಇಲ್ಲಿಯವರೆಗೆ ಅರಸನು ನಗುತ್ತಲೇ ಇದ್ದಿರಬೇಕು. ಹಾಸು ಪೂರ್ತಿಯಾದಾಗ ತೂಕವು ಸುಮಾರು ೪೬,೦೦೦ ಕೋಟಿ ಟನ್ನು. ಪ್ರಪಂಚವೆಲ್ಲ ಸೇರಿ ಈಗ ಒಂದು ವರ್ಷಕ್ಕೆ ಬೆಳೆಯುವ ಅಕ್ಕಿ ಐವತ್ತು ಕೋಟಿ ಟನ್ನಿಗೆ ಸ್ವಲ್ಪ ಹೆಚ್ಚು. ಆ ಸಾಲವನ್ನು ತೀರಿಸುವುದಕ್ಕೆ ಭೂಮಂಡಲದ ಜನರೆಲ್ಲ ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲ ಉಪವಾಸವಿರಬೇಕು.

ಕಾಲದ ಅಳತೆಯಲ್ಲಿಯೂ ಇದನ್ನು ಕಂಡವರಿದ್ದಾರೆ. ೧೮೮೩ರಲ್ಲಿ ಎದುವಾರ್ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಸಾಗಿಸುವ ಆಟಿಕೆಯೊಂದನ್ನು ಹೊರತಂದನು. ಅದರೊಡನೆಯೇ ಕಾಶಿಯ ದೇವಾಲಯವೊಂದರಲ್ಲಿ ಅರುವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಅರ್ಚಕರು ಹಗಲಿರುಳು ಸಾಗಿಸುತ್ತಿರುವರೆಂದೂ, ಆ ಕೆಲಸ ಮುಗಿದ ದಿನವೇ ಪ್ರಳಯವೆಂದೂ ಒಂದು ಕಥೆ ಹಬ್ಬಿತು. ಅದು ಕಾಶಿಯಲ್ಲಿ ಹುಟ್ಟಿದುದಲ್ಲ, ಫ್ರಾನ್ಸಿನಲ್ಲಿ ಹುಟ್ಟಿದುದು. ಆದರೆ ಅದಕ್ಕೆ ಬೇಕಾಗುವ ನಡೆಗಳ ಸಂಖ್ಯೆ ಮಾತ್ರ ನಮ್ಮ ಸಂಖ್ಯೆಯೇ. ಕ್ಷಣಕ್ಕೊಂದು ನಡೆಯಂತೆ ನಡೆಸಿದರೂ ಸುಮಾರು ೫೮,೪೫೦ ಕೋಟಿ ವರ್ಷಗಳು ಹಿಡಿಯುವುವು. ನಮ್ಮ ಪುರಾಣಗಳಲ್ಲಿ ಬ್ರಹ್ಮನ ಒಂದು ಹಗಲೆಂದರೆ ೪೩೨ ಕೋಟಿ ವರ್ಷ. ಅಂತಹ ೧೩೫ ಹಗಲುಗಳು ಕಳೆದರೂ ಅರ್ಚಕರಿಗೆ ಬಿಡುವಿಲ್ಲ.

ಗಾತ್ರದ ಮಾತು ಇಷ್ಟು ಸಾಕು. ಗಾತ್ರವನ್ನು ಕಂಡು ಬೆರಗಾಗುವುದು ಒಂದು, ಸ್ವಭಾವವನ್ನು ತಿಳಿಯುವುದು ಇನ್ನೊಂದು.

ಮೊದಲನೆಯದಾಗಿ, ಈ ಸಂಖ್ಯೆಯನ್ನು ಪಡೆಯುವುದಕ್ಕೆ ಅರುವತ್ತನಾಲ್ಕು ಸಲ ಇಮ್ಮಡಿಸಿ ಕೂಡಿಸುವ ಕಷ್ಟವೇ ಬೇಡ. ಯಾವ ಮನೆಯನ್ನು ತೆಗೆದುಕೊಂಡರೂ, ಅದರ ಹಿಂದಿನ ಮನೆಗಳ ಕಾಳುಗಳೆಲ್ಲ ಸೇರಿ ಆ ಮನೆಯ ಕಾಳಿಗಿಂತ ಒಂದು ಕಡಮೆಯಾಗಿರುವುವು. ಒಂದೂ ಎರಡೂ ಸೇರಿ ಮೂರು, ಮುಂದಿನ ಮನೆಯಲ್ಲಿ ನಾಲ್ಕು. ಒಂದು ಎರಡು ನಾಲ್ಕು ಸೇರಿ ಏಳು, ಮುಂದಿನ ಮನೆಯಲ್ಲಿ ಎಂಟು. ಆದುದರಿಂದ ಇಲ್ಲದ ಅರುವತ್ತೈದನೆಯ ಮನೆಯೊಂದನ್ನು ಕಲ್ಪಿಸಿಕೊಂಡು, ಅದರ ಕಾಳಿನಲ್ಲಿ ಒಂದನ್ನು ಕಳೆದರೆ ನಮ್ಮ ಮೊತ್ತವು ಬರುವುದು. ಆ ಮನೆಯ ಕಾಳನ್ನು ಪಡೆಯುವುದಕ್ಕೆ ಛಂದಶ್ಶಾಸ್ತ್ರಕಾರನಾದ ಪಿಂಗಳನ ಉಪಾಯವುಂಟು. ಇಂತಿಷ್ಟು ಅಕ್ಷರಗಳ ಪಾದದಲ್ಲಿ ಲಘುಗುರುಗಳ ಪ್ರಸ್ತಾರವು ಎಷ್ಟು ಬಗೆಯೆಂದು ತಿಳಿಯಲು, ಅಕ್ಷರಸಂಖ್ಯೆಯನ್ನು ಅರ್ಧಮಾಡಬಲ್ಲಲ್ಲೆಲ್ಲ ವರ್ಗಮಾಡು ಎಂಬುದು ಅವನ ಕ್ರಮ. ಅರುವತ್ತನಾಲ್ಕನ್ನು ಆರು ಸಲ ಅರ್ಧಮಾಡಿದರೆ ಒಂದಕ್ಕೆ ಇಳಿಯುವುದು. ಆದುದರಿಂದ ಎರಡನ್ನು ಆರು ಸಲ ವರ್ಗಮಾಡಿದರೆ ಸಾಕು. ೨, ೪, ೧೬, ೨೫೬, ೬೫,೫೩೬, ೪,೨೯,೪೯,೬೭,೨೯೬. ಇದರ ವರ್ಗವನ್ನು ತೆಗೆದು ಒಂದನ್ನು ಕಳೆದಲ್ಲಿಗೆ ಮಹಾಶಂಖವು ಕಾಗದದ ಮೇಲೆ ಬಂದು ನಿಲ್ಲುವುದು. ಅರಸನ ಉಗ್ರಾಣವನ್ನು ಬರಿದುಮಾಡಿದ ಲೆಕ್ಕವು ಆರು ಗುಣಾಕಾರಗಳಲ್ಲಿ ಮುಗಿಯಿತು.

ಇನ್ನು ಇದರ ಒಡಲೊಳಗೆ ಏನಿದೆ ನೋಡೋಣ. ಮೊದಲೆರಡು ಮನೆಗಳ ಕಾಳು ಮೂರು. ಮುಂದಿನ ಎರಡು ಮನೆಗಳಲ್ಲಿರುವುದು ಅದರ ನಾಲ್ಕರಷ್ಟು; ಆದುದರಿಂದ ನಾಲ್ಕು ಮನೆಗಳ ಮೊತ್ತವು ಮೂರರ ಐದರಷ್ಟು, ಎಂದರೆ ಹದಿನೈದು. ಆ ಮುಂದಿನ ನಾಲ್ಕು ಮನೆಗಳಲ್ಲಿರುವುದು ಈ ಹದಿನೈದರ ಹದಿನಾರರಷ್ಟು. ಆದುದರಿಂದ ಎಂಟು ಮನೆಗಳ ಮೊತ್ತವು ಹದಿನೈದರ ಹದಿನೇಳರಷ್ಟು. ಎರಡನೆಯ ಸಾಲು ಮೊದಲನೆಯದರ ೨೫೬ರಷ್ಟು. ಎರಡೂ ಸೇರಿ ೨೫೭ರಷ್ಟು. ಮುಂದಿನ ಎರಡು ಸಾಲುಗಳು ಇವುಗಳ ೬೫,೫೩೬ರಷ್ಟು; ಅರ್ಧ ಹಾಸು ಸೇರಿ ೬೫,೫೩೭ರಷ್ಟು. ಕೊನೆಗೆ, ಉಳಿದರ್ಧ ಹಾಸು ಮೊದಲರ್ಧದ ೪,೨೯,೪೯,೬೭,೨೯೬ರಷ್ಟು. ಎಲ್ಲವೂ ಸೇರಿ ೪,೨೯,೪೯,೬೭,೨೯೭ರಷ್ಟು. ಹೀಗೆ ನಮ್ಮ ಸಂಖ್ಯೆಯು ಆರು ಸಂಖ್ಯೆಗಳ ಗುಣಲಬ್ಧವಾಗಿ ನಿಲ್ಲುವುದು: ೩, ೫, ೧೭, ೨೫೭, ೬೫,೫೩೭, ೪,೨೯,೪೯,೬೭,೨೯೭. ಇದನ್ನು ಕಾಣುವುದಕ್ಕೆ ಬೀಜಗಣಿತವೂ ಬೇಕಾಗಲಿಲ್ಲ, ಹಾಸನ್ನು ಮಡಿಸಿ ಮಡಿಸಿ ನೋಡಿದರೆ ಸಾಕಾಯಿತು.

ಇವು ಮತ್ತೆ ಒಡೆಯುವುವೋ ಇಲ್ಲವೋ ಎಂಬ ಪ್ರಶ್ನೆ ಈಗ ಏಳುವುದು. ಇದನ್ನು ಕೇಳಿದವಳು ನಮ್ಮ ಮನೆಯಲ್ಲಿರುವ ಹನ್ನೆರಡು ವರ್ಷದ ಮೊಮ್ಮಗಳು. ಅವಳ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಆ ವರ್ಷ ಅವಳು ಗಣಿತದ ಐದು ಕಿರುಪರೀಕ್ಷೆಗಳಲ್ಲಿ ಒಂದಾದಮೇಲೊಂದರಂತೆ ತೇರ್ಗಡೆಯಾಗಲಿಲ್ಲ. ಪಾಠಶಾಲೆಯಿಂದ ಒಂದು ಕಾಗದ ಬಂದಿತು. ಹುಡುಗಿಗೆ ಲೆಕ್ಕ ಹತ್ತುವಂತಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿಯೂ ಫಲಿತಾಂಶವು ಹೀಗೆಯೇ ಇರುವುದರಲ್ಲಿ ಸಂದೇಹವಿಲ್ಲ. ಆದುದರಿಂದ ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಇರಿಸಿಕೊಳ್ಳಲು ತಂದೆತಾಯಿಗಳು ಈಗಲೇ ಒಪ್ಪಿಗೆ ಕೊಟ್ಟರೆ ಒಳ್ಳೆಯದು ಎಂದು ಅದರಲ್ಲಿ ಬರೆದಿದ್ದಿತು. ಅವಳ ತಂದೆ ಕಾಗದವನ್ನು ಮಡಿಸಿ ಪಂಚಾಂಗದೊಳಗಿಟ್ಟನು. ತಾಯಿ ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಹುಡುಗಿಯಾದರೋ ಲೆಕ್ಕದ ಪುಸ್ತಕವನ್ನು ಕಂಡರೆ ಎದ್ದು ಒಳಕ್ಕೆ ಹೋಗುವಳು. ಚದುರಂಗದಲ್ಲಿ ಮಾತ್ರ ಅವಳಿಗೆ ಆಸಕ್ತಿ ಉಳಿದಿದ್ದಿತು. ಸಂಜೆ ನಮ್ಮೊಡನೆ ಒಂದಾಟ ಆಡದೆ ಊಟಕ್ಕೆ ಏಳಳು. ಕಾಳಿನ ಕಥೆ ನಮ್ಮ ಮನೆಯೊಳಗೆ ಬಂದದ್ದು ಆ ಹಾಸಿನ ಮೂಲಕವೇ.

ಒಂದು ಸಂಖ್ಯೆ ಒಡೆಯುವುದೇ ಇಲ್ಲವೇ ಎಂದು ತಿಳಿಯಲು ಅದನ್ನು ಚಿಕ್ಕ ಅವಿಭಾಜ್ಯಸಂಖ್ಯೆಗಳಿಂದ ವರ್ಗಮೂಲದವರೆಗೆ ಭಾಗಿಸಿ ನೋಡಿದರಾಯಿತೆಂದು ಹೇಳಿಕೊಟ್ಟೆವು. ಮೂರು ಐದುಗಳಿಗೆ ಶ್ರಮವೇ ಇಲ್ಲ. ಹದಿನೇಳಕ್ಕೆ ಎರಡು ಮೂರುಗಳು ಸಾಕು. ೨೫೭ಕ್ಕೆ ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು ಈ ಆರರಿಂದ ಭಾಗಿಸಬೇಕು. ಅವಳು ಭಾಗಿಸಿದಳು, ಪ್ರತಿಯೊಂದು ಸಲವೂ ಶೇಷ ಉಳಿಯಿತು. ೬೫,೫೩೭ಕ್ಕೆ ೨೫೬ರೊಳಗಿನ ಐವತ್ತನಾಲ್ಕು ಅವಿಭಾಜ್ಯಗಳು ಬೇಕು. ಎರಡು ಸಂಜೆ ಹಿಡಿಯಿತು. ನಡುವೆ ಎರಡು ಕಡೆ ಕಳೆಯುವುದರಲ್ಲಿ ಎಡವಿದಳು, ತಾನೇ ಕಂಡು ತಿದ್ದಿಕೊಂಡಳು. ಕೊನೆಗೆ ಬಳಪವನ್ನು ಕೆಳಗಿಟ್ಟು, “ತಾತ, ಐದೂ ಒಡೆಯಲಿಲ್ಲ. ಆರನೆಯದೂ ಒಡೆಯುವುದಿಲ್ಲ, ನೋಡದೆಯೇ ಹೇಳುತ್ತೇನೆ” ಎಂದಳು.

ಹೀಗೆಂದವಳು ಅವಳೊಬ್ಬಳೇ ಅಲ್ಲ. ೧೬೪೦ರಲ್ಲಿ ಪಿಯೆರ್ ದ ಫರ್ಮಾ ಎಂಬುವನು ತನ್ನ ಗೆಳೆಯರಿಗೆ ಬರೆದ ಕಾಗದಗಳಲ್ಲಿ ಹೇಳಿದುದೂ ಇದನ್ನೇ. ಫರ್ಮಾ ಫ್ರಾನ್ಸಿನ ತೂಲೂಸ್ ನಗರದ ನ್ಯಾಯಸಭೆಯಲ್ಲಿ ಅಧಿಕಾರಿ. ಗಣಿತವು ಅವನಿಗೆ ಜೀವನೋಪಾಯವಾಗಿರಲಿಲ್ಲ, ಬಿಡುವಿನ ವೇಳೆಯ ಸುಖವಾಗಿದ್ದಿತು. ಆದರೂ ಆ ಕಾಲದ ಗಣಿತಜ್ಞರಲ್ಲಿ ಅವನಿಗೆ ಸಮನಾದವರು ಬೆರಳೆಣಿಕೆಯಷ್ಟೇ. ಎರಡನ್ನು ಮತ್ತೆ ಮತ್ತೆ ವರ್ಗಮಾಡಿ ಒಂದನ್ನು ಕೂಡಿಸಿದರೆ ಬರುವ ಸಂಖ್ಯೆಗಳೆಲ್ಲ ಅವಿಭಾಜ್ಯಗಳೆಂದು ಅವನು ನಂಬಿದನು. ಐದು ಸಲ ಅದು ನಿಜವಾಗಿದ್ದಿತು. ಅವನಂತಹವನು ನಂಬಿದುದನ್ನು ಸುಳ್ಳೆಂದು ತೋರಿಸುವವರು ಬಹುಕಾಲ ಬರಲಿಲ್ಲ.

೧೭೨೯ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಖ್ ಎಂಬ ವಿದ್ವಾಂಸನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ತರುಣ ಆಯ್ಲರನಿಗೆ ಬರೆದ ಕಾಗದದಲ್ಲಿ, ಫರ್ಮಾನ ಈ ಮಾತನ್ನು ಕೇಳಿರುವೆಯಾ ಎಂದು ವಿಚಾರಿಸಿದನು. ಕೇಳಿದವನಿಗೆ ಉತ್ತರ ತಿಳಿದಿರಲಿಲ್ಲ, ಆದರೂ ಕೇಳಿದನು. ೧೭೩೨ರಲ್ಲಿ ಆಯ್ಲರನ ಉತ್ತರವು ಹೊರಬಿದ್ದಿತು: ಆರನೆಯ ಸಂಖ್ಯೆಯಾದ ೪,೨೯,೪೯,೬೭,೨೯೭ನ್ನು ೬೪೧ ಶೇಷವಿಲ್ಲದೆ ಭಾಗಿಸುವುದು. ಫರ್ಮಾ ನುಡಿದ ತೊಂಬತ್ತೆರಡು ವರ್ಷಗಳ ಮೇಲೆ, ಇಪ್ಪತ್ತೈದು ವರ್ಷದವನೊಬ್ಬನು ಆ ಮಾತನ್ನು ಮೂರಂಕಿಯ ಒಂದು ಸಂಖ್ಯೆಯಿಂದ ಮುರಿದನು.

ಇದಕ್ಕೆ ಅವನು ಹಿಡಿದ ಜಾಡನ್ನು ಮುಂದೆ ಅವನೇ ವಿವರಿಸಿದ್ದಾನೆ. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನವೇನಾದರೂ ಇದ್ದರೆ, ಅದನ್ನು ಅರುವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು. ಹಾಗಾದರೆ ನೋಡಬೇಕಾದ ಅವಿಭಾಜ್ಯಗಳು ೧೯೩, ೨೫೭, ೪೪೯, ೫೭೭, ೬೪೧ ಹೀಗೆ ಬಹಳ ವಿರಳ. ಐದನೆಯ ಪ್ರಯತ್ನದಲ್ಲಿಯೇ ಬಾಗಿಲು ತೆರೆಯಿತು. ಜಾಡು ತಿಳಿಯದವನೊಬ್ಬನು ಎರಡರಿಂದ ಮೊದಲುಮಾಡಿ ಕ್ರಮವಾಗಿ ಭಾಗಿಸುತ್ತ ಬಂದಿದ್ದರೂ ನೂರಹದಿನಾರನೆಯ ಭಾಗಾಕಾರಕ್ಕೆ ಅದು ಸಿಕ್ಕುತ್ತಿದ್ದಿತು. ನಮ್ಮ ಹುಡುಗಿ ೬೫,೫೩೭ಕ್ಕಾಗಿ ಪಟ್ಟ ಪಾಡಿನ ಇಮ್ಮಡಿಗೆ ಸ್ವಲ್ಪ ಹೆಚ್ಚು, ಅಷ್ಟೆ.

ವಾಚಕರು ನಮ್ಮ ಮಾತನ್ನು ನಂಬಬೇಕಾಗಿಲ್ಲ. ೬೭,೦೦,೪೧೭ನ್ನು ಆರುನೂರರಿಂದ ಗುಣಿಸಿದರೆ ೪,೦೨,೦೨,೫೦,೨೦೦; ನಾಲ್ವತ್ತರಿಂದ ಗುಣಿಸಿದರೆ ೨೬,೮೦,೧೬,೬೮೦; ಒಂದರಿಂದ ಗುಣಿಸಿದರೆ ಅದೇ ೬೭,೦೦,೪೧೭. ಮೂರನ್ನೂ ಕೂಡಿಸಿ ನೋಡಲಿ. ನಮ್ಮ ಮನೆಯಲ್ಲಿ ಇದನ್ನು ಕೂಡಿಸಿದವಳು ಮೊಮ್ಮಗಳೇ. ಕೊನೆಯ ಅಂಕಿ ಏಳೆಂದು ಬಂದಾಗಲೂ, ಎರಡನೆಯದು ಒಂಬತ್ತೆಂದು ಬಂದಾಗಲೂ ಅವಳು ತಲೆಯೆತ್ತಲಿಲ್ಲ. ಎಲ್ಲವೂ ಮುಗಿದ ಮೇಲೆ ಕೇಳಿದಳು: “ಅಷ್ಟು ದೊಡ್ಡವರು ಭಾಗಿಸಿ ಯಾಕೆ ನೋಡಲಿಲ್ಲ, ತಾತ?”

ಅದಕ್ಕೆ ನಾವು ಕೊಟ್ಟ ಉತ್ತರವನ್ನು ಇಲ್ಲಿಯೂ ಹೇಳಬಹುದು. ಫರ್ಮಾನನ್ನು ಹಳಿಯುವುದು ನ್ಯಾಯವಲ್ಲ. ಇದಕ್ಕೆ ಪೂರ್ಣವಾದ ಸಾಧನೆ ತನ್ನಲ್ಲಿಲ್ಲವೆಂದು ಅವನೇ ಆ ಕಾಗದದಲ್ಲಿ ಒಪ್ಪಿಕೊಂಡಿದ್ದನು. ನಂಬಿಕೆಯನ್ನು ನಂಬಿಕೆಯೆಂದೇ ಹೇಳಿದವನು ಯಾರನ್ನೂ ವಂಚಿಸಿದವನಲ್ಲ. ಮೊದಲ ಐದು ನಿಜವಾದುದರಿಂದ ಆರನೆಯದೂ ನಿಜವೆಂದು ತೋರುವುದು ಮನುಷ್ಯಸ್ವಭಾವ. ನಮ್ಮ ನಿತ್ಯದ ಬಾಳು ನಡೆಯುವುದೂ ಬಹುಮಟ್ಟಿಗೆ ಇಂತಹ ಊಹೆಗಳ ಮೇಲೆಯೇ. ಐದು ದಿನ ಹೊತ್ತಿಗೆ ಸರಿಯಾಗಿ ಬಂದ ಹಾಲು ಆರನೆಯ ದಿನವೂ ಬರುವುದೆಂದು ಒಲೆ ಹೊತ್ತಿಸುವೆವು. ಅದು ತಪ್ಪಲ್ಲ. ಆದರೆ ಊಹೆಯನ್ನು ತೀರ್ಪಿನ ಪೀಠದ ಮೇಲೆ ಕೂಡಿಸಿ, ಅದರ ಆಧಾರದಿಂದ ಒಬ್ಬರ ಬಾಳಿನ ಒಂದು ವರ್ಷವನ್ನು ಕಿತ್ತುಕೊಳ್ಳುವುದು ಬೇರೆ ಮಾತು. ಪಂಚಾಂಗದೊಳಗಿದ್ದ ಕಾಗದಕ್ಕೆ ಆ ರಾತ್ರಿಯೇ ಉತ್ತರ ಬರೆಯಿಸಿದೆವು. ಐದು ಪರೀಕ್ಷೆಗಳ ಫಲವನ್ನು ನಾವು ಅಲ್ಲಗಳೆಯುವುದಿಲ್ಲ. ಆರನೆಯದು ಇನ್ನೂ ನಡೆದಿಲ್ಲ. ನಡೆದ ಮೇಲೆ ಒಪ್ಪಿಗೆಯ ಮಾತು ಎಂದಿಷ್ಟೇ ಅದರಲ್ಲಿದ್ದಿತು. ವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿಗೆ ನೂರಕ್ಕೆ ನಾಲ್ವತ್ತೊಂದು ಅಂಕಗಳು ಬಂದುವು. ಬಹುಮಾನ ಬರುವಷ್ಟಲ್ಲ, ಮುಂದಿನ ತರಗತಿಗೆ ಹೋಗುವಷ್ಟು.

ಮತ್ತೆ ನಮ್ಮ ಸಂಖ್ಯೆಗೆ ಬರೋಣ. ಆರನೆಯದು ಎರಡಾಗಿ ಒಡೆದುದರಿಂದ ಮಹಾಶಂಖದ ಒಡಲಲ್ಲಿ ಏಳು ಅವಿಭಾಜ್ಯಗಳಾದುವು: ೩, ೫, ೧೭, ೨೫೭, ೬೪೧, ೬೫,೫೩೭, ೬೭,೦೦,೪೧೭. ಇಪ್ಪತ್ತು ಸ್ಥಾನಗಳ ಸಂಖ್ಯೆಯೊಂದರಲ್ಲಿ ಅತಿ ದೊಡ್ಡ ತುಂಡು ಏಳೇ ಅಂಕಿಗಳದು. ಪ್ರತಿಯೊಂದೂ ಒಂದೊಂದೇ ಸಲ ಬಂದಿರುವುದು, ಯಾವುದೂ ಮರುಕಳಿಸಿಲ್ಲ. ಈ ಏಳರಲ್ಲಿ ಕೆಲವನ್ನು ತೆಗೆದುಕೊಂಡು ಕೆಲವನ್ನು ಬಿಟ್ಟು ಗುಣಿಸಿದರೆ ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳೆಲ್ಲ ದೊರೆಯುವುವು. ಅವು ಒಟ್ಟು ೧೨೮. ಮೊದಲ ಸಾಲಿನ ಕೊನೆಯ ಮನೆಯಲ್ಲಿರುವ ಕಾಳೂ ಅಷ್ಟೇ. ಅಕ್ಕಿಯನ್ನು ಮೂವರು ಮಕ್ಕಳಿಗೆ ಸಮನಾಗಿ ಹಂಚಬಹುದು, ಐವರಿಗೆ ಹಂಚಬಹುದು, ಹದಿನೈದು ಅಥವಾ ಹದಿನೇಳು ಮನೆಗಳಿಗೂ ಹಂಚಬಹುದು. ಏಳು ಜನರಿಗೆ ಹಂಚಹೋದರೆ ಒಂದು ಕಾಳು ಉಳಿದು ಜಗಳಕ್ಕೆ ದಾರಿಯಾಗುವುದು. ಇದರ ಅಂಕಿಗಳನ್ನೆಲ್ಲ ಕೂಡಿಸಿದರೆ ೮೭ ಬರುವುದರಿಂದ ಮೂರರಿಂದ ಹೋಗುವುದು, ಒಂಬತ್ತರಿಂದ ಹೋಗದು. ಇಷ್ಟನ್ನು ತಿಳಿಯಲು ಒಂದು ಕಾಳನ್ನೂ ಅಳೆಯಬೇಕಾಗಲಿಲ್ಲ.

ಅರ್ಧ ಹಾಸಿನ ಮೊತ್ತವಾದ ೪,೨೯,೪೯,೬೭,೨೯೫ಕ್ಕೂ ಒಂದು ಹಿರಿಮೆಯುಂಟು. ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಇವೆರಡರಿಂದಲೇ ಸಮಬಾಹುಗಳ ತ್ರಿಕೋನವನ್ನೂ ಪಂಚಕೋನವನ್ನೂ ರಚಿಸುವುದು ಪ್ರಾಚೀನ ಗ್ರೀಕರಿಗೆ ತಿಳಿದಿದ್ದಿತು. ೧೭೯೬ರಲ್ಲಿ ಹದಿನೆಂಟು ವರ್ಷದ ಗೌಸನು ಹದಿನೇಳು ಭುಜಗಳ ಆಕೃತಿಯೂ ಸಾಧ್ಯವೆಂದು ಕಂಡುಕೊಂಡನು. ಭುಜಗಳ ಸಂಖ್ಯೆ ಬೆಸವಾಗಿದ್ದರೆ ಅದು ಫರ್ಮಾನ ಅವಿಭಾಜ್ಯಗಳ, ಒಂದೊಂದೂ ಒಂದೇ ಸಲ ಬರುವ ಗುಣಲಬ್ಧವಾಗಿರಬೇಕು. ಅಂತಹ ಅವಿಭಾಜ್ಯಗಳು ಫರ್ಮಾನಿಗೆ ತಿಳಿದಿದ್ದ ಐದಲ್ಲದೆ ಇಂದಿನವರೆಗೆ ಆರನೆಯದು ಯಾರಿಗೂ ದೊರೆತಿಲ್ಲ. ಆ ಐದನ್ನೂ ಗುಣಿಸಿದರೆ ಬರುವುದೇ ನಮ್ಮ ಅರ್ಧ ಹಾಸಿನ ಕಾಳು. ಕೈವಾರದಿಂದ ರಚಿಸಬಹುದೆಂದು ತಿಳಿದಿರುವ ಬೆಸ ಭುಜಗಳ ಆಕೃತಿಗಳಲ್ಲಿ ಅತ್ಯಂತ ಹೆಚ್ಚು ಭುಜಗಳುಳ್ಳದ್ದು ಇದೇ. ೬೫,೫೩೭ ಭುಜಗಳ ಆಕೃತಿಯ ರಚನೆಗಾಗಿ ಹರ್ಮೆಸ್ ಎಂಬ ಜರ್ಮನ್ ಉಪಾಧ್ಯಾಯನು ಹತ್ತು ವರ್ಷ ದುಡಿದನು. ಅವನ ಹಸ್ತಪ್ರತಿಯನ್ನು ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಕಾಪಾಡಿಕೊಂಡಿದ್ದಾರೆ.

ಎಲ್ಲ ದೊಡ್ಡ ಸಂಖ್ಯೆಗಳೂ ಇಷ್ಟು ಸುಲಭವಾಗಿ ಮನಸ್ಸು ಬಿಚ್ಚುವುವೆಂದು ತಿಳಿಯಬಾರದು. ನಮ್ಮ ಸಂಖ್ಯೆಗಿಂತ ಎರಡೇ ಹೆಚ್ಚಾದ ೧,೮೪,೪೬,೭೪,೪೦,೭೩,೭೦,೯೫,೫೧,೬೧೭ನ್ನು ನೋಡಿ. ಹೊರಗಿನಿಂದ ಇಬ್ಬರೂ ಒಡಹುಟ್ಟಿದವರಂತೆ. ಫರ್ಮಾನ ಸಾಲಿನಲ್ಲಿ ಏಳನೆಯದಾದ ಇದನ್ನು ೧೮೮೦ರಲ್ಲಿ ಲಾಂಡ್ರಿ ಎಂಬ ಫ್ರೆಂಚ್ ವೃದ್ಧನು ಒಡೆದು ಪ್ರಕಟಿಸಿದನು. ೨,೭೪,೧೭೭ ಮತ್ತು ೬,೭೨,೮೦,೪೨,೧೩,೧೦,೭೨೧ ಎಂಬ ಎರಡೇ ತುಂಡುಗಳು. ಆಗ ಅವನಿಗೆ ಎಂಬತ್ತೆರಡು ವರ್ಷ. ಮಕ್ಕಳು ಮೊಮ್ಮಕ್ಕಳು ‘ನಿಮಗಿನ್ನೇಕೆ ಇದೆಲ್ಲ’ ಎನ್ನುವ ವಯಸ್ಸಿನಲ್ಲಿ ಅವನು ಅದನ್ನು ಸಾಧಿಸಿದನೆಂಬುದು ನಮ್ಮಂತಹವರಿಗೆ ಧೈರ್ಯದ ಮಾತು.

ಈ ಕಷ್ಟವೇ ಇಂದು ಲೋಕೋಪಯೋಗಿಯಾಗಿದೆ. ೧೯೭೭ರಲ್ಲಿ ಮೂವರು ವಿದ್ವಾಂಸರು, ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಕಂಡು ಅವುಗಳನ್ನು ಹುಡುಕುವುದು ದುಸ್ಸಾಧ್ಯವೆಂಬ ಒಂದೇ ಆಧಾರದ ಮೇಲೆ ಗುಪ್ತಲಿಪಿಯ ಬೀಗವೊಂದನ್ನು ರಚಿಸಿದರು. ಆರುನೂರಕ್ಕೂ ಮಿಕ್ಕ ಅಂಕಿಗಳ ಸಂಖ್ಯೆಗಳಿಂದ ಮಾಡಿದ ಅಂತಹ ಬೀಗಗಳನ್ನು ಬ್ಯಾಂಕಿನ ವ್ಯವಹಾರಗಳಿಗೂ ಕಾಗದಪತ್ರಗಳ ಸಹಿಗೂ ಬಳಸುವರು. ಅವುಗಳ ಸೂತ್ರದಲ್ಲಿ ಸಾಮಾನ್ಯವಾಗಿ ಸೇರಿಸುವ ಒಂದು ಸಂಖ್ಯೆ ನಮ್ಮ ಹುಡುಗಿ ಎರಡು ಸಂಜೆ ಪರೀಕ್ಷಿಸಿದ ೬೫,೫೩೭ ಎಂದು ತಿಳಿದಾಗ ಅವಳಿಗಾದ ಸಂತೋಷ ಇಷ್ಟಿಷ್ಟಲ್ಲ. ನಮ್ಮ ಮಹಾಶಂಖಕ್ಕೂ ಅಲ್ಲಿ ಸ್ಥಾನವುಂಟು. ಗಣಕಯಂತ್ರಗಳು ಸೊನ್ನೆ ಒಂದುಗಳಿಂದಲೇ ಲೆಕ್ಕವಿಡುವುವು. ಪಿಂಗಳನ ಲಘುಗುರುಗಳಂತೆಯೇ ಇದೂ. ಅರುವತ್ತನಾಲ್ಕು ಸ್ಥಾನಗಳಲ್ಲಿಯೂ ಒಂದನ್ನೇ ತುಂಬಿದರೆ ಬರುವ ಅತಿ ದೊಡ್ಡ ಸಂಖ್ಯೆಯು ಅರಸನು ಕೊಡಲಾರದೆ ಹೋದ ಕಾಳಿನ ಮೊತ್ತವೇ.

ಮನೆಯಲ್ಲಿ ಮಕ್ಕಳಿರುವ ಗೃಹಸ್ಥರಿಗೆ ನಮ್ಮದೊಂದು ವಿಜ್ಞಾಪನೆ. ಮಗ್ಗಿಯನ್ನು ಬಾಯಿಪಾಠ ಮಾಡಿಸುವುದು ಬೇಡವೆಂದು ನಾವು ಹೇಳುವುದಿಲ್ಲ. ಅದರ ಜೊತೆಗೆ ಮಕ್ಕಳಿಗೆ ಇಂತಹ ಒಂದು ದೊಡ್ಡ ಸಂಖ್ಯೆಯನ್ನು ಕೊಟ್ಟು, ಅವರ ಪಾಡಿಗೆ ಬಿಟ್ಟು ನೋಡಿ. ಅವಸರ ಮಾಡಬೇಡಿ, ಅಂಕ ಹಾಕಬೇಡಿ. ತಾವೇ ಭಾಗಿಸಿ ಕಂಡ ಶೇಷವನ್ನು ಅವರು ನಂಬುವಷ್ಟು ನಮ್ಮ ನಿಮ್ಮ ಮಾತನ್ನು ನಂಬುವುದಿಲ್ಲ, ನಂಬಲೂಬೇಕಾಗಿಲ್ಲ. ಮೊದಲುಮಾಡುವುದಕ್ಕೆ ಲಾಂಡ್ರಿಯ ಎರಡು ತುಂಡುಗಳು ಮೇಲೆ ಇದ್ದೇ ಇವೆ. ಅವುಗಳನ್ನು ಗುಣಿಸಲು ಒಂದು ಹಾಳೆ ಕಾಗದ, ಒಂದು ಬಳಪ, ಊಟಕ್ಕೆ ಮುಂಚಿನ ಅರ್ಧ ಗಂಟೆ ಸಾಕು. ಕೊನೆಯಲ್ಲಿ ೬೧೭ ಬಂದಿತೋ ಇಲ್ಲವೋ ಎಂಬುದನ್ನು ಅವರೇ ಬಂದು ಹೇಳಲಿ.